ಅಪ್‌ಡೇಟ್: 73ಕ್ಕೇ ನಿಂತಿದ್ದ ರೆಟಿನಾ ಮಾಡೆಲ್

ಹಿಂದಿನ ವಾರ ವಿಜಯಪುರದಿಂದ ಕೇಳಿದ್ದೆ: ಸಕ್ಕರೆ ಕಾಯಿಲೆಯಿಂದ ಕಣ್ಣಿನ ಪರದೆಗೆ ಆಗೋ ಹಾನಿಯನ್ನ 0ರಿಂದ (ಹಾನಿ ಇಲ್ಲ) 4ರ (ತೀವ್ರ) ದರ್ಜೆಗೆ ಹಾಕೋ ನಮ್ಮ ಪ್ರಾಜೆಕ್ಟಿನ ಎಐ ಮಾಡೆಲ್, ಏನ್ ಮಾಡಿದ್ರೂ ಅಕ್ಯುರಸಿ (ಸರಿ ಉತ್ತರಗಳ ಪಾಲು) ಶೇ. 73 ದಾಟವಲ್ದು ಅಂತ. ಬಗೆಹರೀತು.

‘ಕನ್‌ಫ್ಯೂಷನ್ ಮ್ಯಾಟ್ರಿಕ್ಸ್ (ಯಾವ ದರ್ಜೆಯ ಚಿತ್ರಕ್ಕೆ ಮಾಡೆಲ್ ಯಾವ ದರ್ಜೆ ಕೊಟ್ಟಿತು ಅನ್ನೋ ಕೋಷ್ಟಕ) ತೆಗೆದು ನೋಡ್ರಿ’ ಅಂದವರಿಗೆ ಶರಣು. ಮಾಡೆಲ್ ಬಂದ ಕಣ್ಣಿಗೆಲ್ಲಾ ‘ಆರೋಗ್ಯ’ ಅಂತ ಮುದ್ರೆ ಒತ್ತತಿತ್ತು. ನಾವು ಬಳಸಿದ್ದು ಡೇಟಾ ಸ್ಪರ್ಧೆ ನಡೆಸೋ ಜಾಲತಾಣ ಕ್ಯಾಗಲ್‌ನ 2015ರ ಸ್ಪರ್ಧೆಯ ಐಪ್ಯಾಕ್ಸ್ ಅನ್ನೋ ಕಣ್ಣಿನ ಚಿತ್ರಗಳ ಡೇಟಾ. ಅದರ 35,126 ತರಬೇತಿ ಚಿತ್ರಗಳಲ್ಲಿ 25,810 ದರ್ಜೆ 0. ಭಾಗಿಸಿ ನೋಡ್ರಿ, ಅದೇ 73!

ದೊಡ್ಡ ನೆಟ್‌ವರ್ಕ್ ಹಾಕ್ರಿ ಅನ್ನೋ ಸಲಹೆಯಿಂದ ಲ್ಯಾಬಿನ ಜಿಪಿಯು (ಮಾಡೆಲ್‌ಗೆ ತರಬೇತಿ ಕೊಡೋ ಚಿಪ್) ಬಿಸಿ ಆತು, ಅಷ್ಟೇ. ಉಪಯೋಗಕ್ಕೆ ಬಂದಿದ್ದು ಅಪರೂಪದ ದರ್ಜೆಯ ಚಿತ್ರಗಳನ್ನ ಹೆಚ್ಚು ಸಲ ತೋರಿಸೋದು, ಜೊತೆಗೆ ಐದು ವರ್ಗಗಳ ಬದಲು ಒಂದೇ ಅಂಕಿ ಊಹಿಸೋ ರಿಗ್ರೆಷನ್. ಅಳತೆಗೆ ಈಗ ಅಕ್ಯುರಸಿ ಬಿಟ್ಟು ಕ್ವಾಡ್ರಾಟಿಕ್ ಕಪ್ಪಾ; ಊಹೆ ಸರಿ ದರ್ಜೆಯಿಂದ ದೂರ ಹೋದಷ್ಟೂ ಇದು ಹೆಚ್ಚು ದಂಡ ಹಾಕತೈತಿ. ಆ ಸ್ಪರ್ಧೆ ಗೆದ್ದ ಬೆನ್ ಗ್ರಹಾಂ ಮಾಡಿದಂಗ ಚಿತ್ರದ ಪ್ರತಿ ಬಿಂದುವಿನಿಂದ ಅದರ ಸುತ್ತಲಿನ ಸರಾಸರಿ ಬಣ್ಣ ಕಳೆದಿದ್ದೂ ಭಾಳ ನೆರವಾತು. ಒಂದು ಮಾತು: ಒಬ್ಬ ರೋಗಿಯ ಎಡ-ಬಲ ಕಣ್ಣು ತರಬೇತಿಗೊಂದು, ಪರೀಕ್ಷೆಗೊಂದು ಹೋಗದಂಗ ನೋಡ್ಕೋರಿ, ಇಲ್ಲಾಂದ್ರ ಅಂಕ ಸುಮ್ಮನ ಉಬ್ಬತಾವ.

ಅಚ್ಚರಿ ಆಗಿದ್ದು ಇಂಡಿ ಕಡೆಯ ಶಿಬಿರದ ಚಿತ್ರಗಳಲ್ಲಿ. ಪೊರೆ ಬಂದ ಹಿರಿಯರ ಕಣ್ಣಿನ ಮಬ್ಬು ಚಿತ್ರಕ್ಕೂ ಮಾಡೆಲ್ ಧೈರ್ಯವಾಗಿ 0 ಅಂತಿತ್ತು! ಥಾಯ್ಲೆಂಡಿನ ಕ್ಲಿನಿಕ್‌ಗಳಲ್ಲಿ ಗೂಗಲ್‌ನ ಇಂಥದ್ದೇ ವ್ಯವಸ್ಥೆ 1,838 ಚಿತ್ರಗಳಲ್ಲಿ ಶೇ. 21ನ್ನ ಗುಣಮಟ್ಟ ಸಾಲದು ಅಂತ ತಿರಸ್ಕರಿಸಿದ್ದು 2020ರ ವರದಿಯಲ್ಲಿದೆ. ನಾವೂ ಈಗ ಮೊದಲೇ ಒಂದು ಗುಣಮಟ್ಟದ ಜರಡಿ ಇಟ್ಟೀವಿ; ಅದರಲ್ಲಿ ಪಾಸಾಗದ ಚಿತ್ರ ನೇರ ಡಾಕ್ಟರ್ ಕಡೆ.