ಪದ ಬೇಕು: ‘ಕಾರ್ಪೊರೇಷನ್ ಟ್ರ್ಯಾಮ್’ ಅಂದರೆ ನಿಗಮವೋ, ಪಾಲಿಕೆಯೋ?

ನಮಸ್ಕಾರ. ನಾಳೆ ಸಂಜೆಯೊಳಗೆ ಅಚ್ಚಿಗೆ ಕೊಡಬೇಕು, ಅದಕ್ಕೇ ಅವಸರ. ಇಂಗ್ಲೆಂಡಿನ ಬ್ಲ್ಯಾಕ್‌ಪೂಲ್ ನೋಡಲು ಹೋಗುವ ಕನ್ನಡಿಗರಿಗೆ ಒಂದು ಕೈಪಿಡಿ ಮಾಡುತ್ತಿದ್ದೇವೆ. ಆ ಕಡಲೂರಿನ ಟ್ರ್ಯಾಮ್, ಬಸ್ಸುಗಳ ಕಥೆ ನನ್ನ ಪಾಲಿಗೆ ಬಂದಿದೆ. 1885ರಲ್ಲಿ ಅಲ್ಲಿ ಕರೆಂಟ್ ಟ್ರ್ಯಾಮ್ ಶುರು ಮಾಡಿದ್ದು ಖಾಸಗಿ ಕಂಪನಿ. 1892ರಲ್ಲಿ ಊರಿನ ಕಾರ್ಪೊರೇಷನ್ ವಹಿಸಿಕೊಂಡಿತು, 1921ರಲ್ಲಿ ಬಸ್ಸನ್ನೂ ಬಿಟ್ಟಿತು. ನಾನು ‘ನಿಗಮ’ ಅಂತ ಬರೆದೆ, ಕರಡು ನೋಡಿದವರು ‘ಪಾಲಿಕೆ’ ಅಂತಾರೆ. ಯಾವುದು ಸರಿ?

ಇನ್ನೊಂದು. ಮೊದಲು ಕರೆಂಟು ತಲೆ ಮೇಲಿನ ತಂತಿಯಲ್ಲಿ ಬರುತ್ತಿರಲಿಲ್ಲ, ಹಳಿಗಳ ನಡುವೆ ನೆಲದೊಳಗೆ ಸೀಳು ಬಿಟ್ಟು ಹರಿಸುತ್ತಿದ್ದರು. ಅದರೊಳಗೆ ಮರಳು, ಉಪ್ಪುನೀರು ನುಗ್ಗಿ ಕಾಟ ಜಾಸ್ತಿ ಆಗಿ 1899ರಲ್ಲಿ ಮೇಲೆ ತಂತಿ ಎಳೆದರು. ಆ ‘ಕಾಂಡ್ಯೂಟ್’ಗೆ ಏನನ್ನೋಣ?

*

ಟ್ರ್ಯಾಮ್ ಅಂತ ಯಾಕೆ ಬರೀತೀರಿ? ಔಟ್ರಮ್ ಅನ್ನುವ ಇಂಜಿನಿಯರನ ಹೆಸರಿನ ಬಾಲ ಅದು. ರೈಲಿಗೆ ಉಗಿಬಂಡಿ ಅಂದ ಭಾಷೆ ನಮ್ಮದು. ‘ಹಳಿಬಂಡಿ’ ಅನ್ನಿ, ಮುಗಿಯಿತು.

*

> ಔಟ್ರಮ್ ಅನ್ನುವ ಇಂಜಿನಿಯರನ ಹೆಸರಿನ ಬಾಲ ಅದು

ತಪ್ಪು. ಆತ ಹುಟ್ಟುವ ಮೊದಲೇ ಈ ಪದ ಇತ್ತು. ಕೈಗಾಡಿಯ ಮರದ ತೋಳಿಗೆ, ಆಮೇಲೆ ಗಣಿಯೊಳಗೆ ಕಲ್ಲಿದ್ದಲು ಎಳೆಯುವ ಗಾಡಿಗೆ ಹಾಗನ್ನುತ್ತಿದ್ದರು. ಹೆಸರು ಹೋಲುತ್ತದೆ ಅಂತ ಸುಮ್ನೆ ಕಥೆ ಕಟ್ಟಬೇಡಿ. ಮತ್ತೆ ‘ಹಳಿಬಂಡಿ’ ಅಂದರೆ ಓದುವವರಿಗೆ ರೈಲೇ ಕಣ್ಣಿಗೆ ಬರುತ್ತದೆ. ಬ್ಲ್ಯಾಕ್‌ಪೂಲಿಗೆ ರೈಲೂ ಹೋಗುತ್ತದೆ, ಆಗ ಅದನ್ನೇನಂತ ಕರೀತೀರಿ? ಬಸ್ಸು, ಕಾರು, ರೈಲು ಎಲ್ಲ ಕೊನೆಗೆ ಒಂದು ಉಕಾರ ಹಚ್ಚಿಕೊಂಡು ನಮ್ಮವಾದವು. ಟ್ರಾಮೂ ಹಾಗೇ ಆಗಲಿ. ಮದ್ರಾಸಿನಲ್ಲಿ 1953ರ ತನಕ, ಮುಂಬೈಯಲ್ಲಿ 1964ರ ತನಕ ಟ್ರಾಮು ಓಡಿದೆ. ನಮ್ಮ ಎಷ್ಟೋ ಜನರ ಹಿರಿಯರು ಅದರಲ್ಲಿ ಕೂತು ಕೆಲಸಕ್ಕೆ ಹೋದವರು.

ಈಗ ಕೇಳಿದ ಪದಕ್ಕೆ ಬರುತ್ತೇನೆ. ‘ನಿಗಮ’ ಬೇಡವೇ ಬೇಡ. ಆ ಪದ ಕಂಡರೆ ನಮ್ಮವರಿಗೆ ರಾಜ್ಯ ಸರ್ಕಾರದ ಸಾರಿಗೆ ನಿಗಮ ನೆನಪಾಗುತ್ತದೆ. ಬ್ಲ್ಯಾಕ್‌ಪೂಲಿನದು ಹಾಗಲ್ಲ. ಅಲ್ಲಿ ರಸ್ತೆ ಗುಡಿಸುವವರೂ ಟ್ರಾಮು ಓಡಿಸುವವರೂ ಒಂದೇ ಊರಾಡಳಿತದ ಕೆಳಗಿದ್ದರು, ಆ ಕಥೆಯ ಜೀವವೇ ಅದು. ‘ಪಾಲಿಕೆ’ ಅಂದರೆ ನಮ್ಮಲ್ಲಿ ಮಹಾನಗರ, ಬ್ಲ್ಯಾಕ್‌ಪೂಲಿಗೆ ಇವತ್ತಿಗೂ ನಗರದ ಪಟ್ಟ ಇಲ್ಲ. ‘ಪುರಸಭೆ’ ಅನ್ನಿ.

ಆದರೆ ಮೊದಲಿಂದ ಕೊನೆ ತನಕ ಒಂದೇ ಪದ ಎಳೆಯಬೇಡಿ. ಹತ್ತಿರದ ಫ್ಲೀಟ್‌ವುಡ್ ಊರಿನ ಕಡೆಯ ಹಳಿ 1898ರಿಂದ ಬೇರೆ ಕಂಪನಿಯದು, ಪುರಸಭೆ ಅದನ್ನು ಕೊಂಡದ್ದು 1920ರಲ್ಲಿ. 1985ರಲ್ಲಿ ಹೊಸ ಕಾನೂನು ಬಂದು, 1986ರಲ್ಲಿ ಬಸ್ಸು, ಟ್ರಾಮು ಎರಡೂ ಒಂದು ಲಿಮಿಟೆಡ್ ಕಂಪನಿಗೆ ಹೋದವು. ಕಂಪನಿ ಪುರಸಭೆಯದೇ, ಆದರೂ ಕಂಪನಿ. 1986ರ ಆಚೆಗೂ ‘ಪುರಸಭೆಯ ಬಸ್ಸು’ ಅಂದರೆ ಸುಳ್ಳಾಗುತ್ತದೆ.

ಕಾಂಡ್ಯೂಟ್‌ಗೆ ‘ಕೊಳವೆ’ ಬೇಡ, ಮನೆ ವೈರಿಂಗ್ ಅಂದುಕೊಳ್ಳುತ್ತಾರೆ. ‘ಸೀಳುಗಾಲುವೆ’ ನೋಡಿ. ಮರಳು ಯಾಕೆ ತುಂಬಿತು ಅಂತ ಪದವೇ ಹೇಳುತ್ತದೆ.

*

ಹಾಗಾದರೆ ನೆಲದ ಸೀಳಿಗೆ ಕನ್ನಡ, ಅದರ ಮೇಲೆ ಓಡುವ ಗಾಡಿಗೆ ಇಂಗ್ಲಿಷ್! ಹೀಗೇ ಒಂದೊಂದೇ ಬಿಟ್ಟುಕೊಡುತ್ತ ಹೋದರೆ ನಮಗೆ ಉಳಿಯುವುದು ವಿಭಕ್ತಿ ಪ್ರತ್ಯಯ ಮಾತ್ರ.

*

‘ಬಸ್ಸು’ ಲ್ಯಾಟಿನ್ನಿನದು. ಅದನ್ನೂ ಇಳಿಸಿಬಿಡ್ತೀರಾ?

*

ಇಬ್ಬರಿಗೂ ಧನ್ಯವಾದ. ಪುರಸಭೆ, ಟ್ರಾಮು, ಸೀಳುಗಾಲುವೆ ತೆಗೆದುಕೊಂಡೆ. 1986ರಿಂದಾಚೆಗೆ ‘ಪುರಸಭೆ ಒಡೆತನದ ಕಂಪನಿ’. 1961ರಿಂದ 63ರೊಳಗೆ ಊರೊಳಗಿನ ಟ್ರಾಮು ದಾರಿಗಳನ್ನೆಲ್ಲ ಮುಚ್ಚಿ ಬಸ್ಸು ಬಿಟ್ಟರು, ಕಡಲಂಚಿನ ದಾರಿ ಮಾತ್ರ ಉಳಿಯಿತು. ಅಲ್ಲಿ ‘ಪ್ರೊಮನಾಡ್’ ಬರುತ್ತದೆ. ‘ಕಡಲದಂಡೆ ರಸ್ತೆ’ ಸಾಕು ಅಲ್ವಾ? ಬೆಳಗ್ಗೆ ಹತ್ತರೊಳಗೆ ಹೇಳಿ.