ಪದಚರ್ಚೆ: ಕಾರಿನ ಒಳದೀಪ, ಬಾಡಿ ಅರ್ತ್, ಕೀ ಲೈನ್ (ತುರ್ತು)

ಎಲ್ಲರಿಗೂ ನಮಸ್ಕಾರ.

ಕಾರಿನೊಳಗೆ ನಾವೇ ಹಾಕಿಕೊಳ್ಳಬಹುದಾದ ಹೆಚ್ಚುವರಿ ಲೈಟಿನ ಪೆಟ್ಟಿಗೆಗೆ ಒಂದು ಹಾಳೆಯ ಸೂಚನೆ ಕನ್ನಡದಲ್ಲಿ ಬೇಕು. ನಾಳೆ ಬೆಳಿಗ್ಗೆ ಅಚ್ಚಿಗೆ ಹೋಗುತ್ತದೆ. ಪೆಟ್ಟಿಗೆಯಲ್ಲಿ ಇರುವುದು ಇಷ್ಟು: 30 ಸೆಂಟಿಮೀಟರ್ ಉದ್ದದ 12 ವೋಲ್ಟಿನ ಎಲ್ಇಡಿ ಪಟ್ಟಿ ಎರಡು (ಒಂದು ಬಿಳಿ, ಒಂದು ಹಳದಿ, ಯಾವುದಾದರೂ ಒಂದನ್ನು ಹಾಕಿಕೊಳ್ಳುವುದು), ಮೂರು ಸ್ಥಾನದ ಸ್ವಿಚ್ಚು, ಕೆಂಪು ಕಪ್ಪು ಬಿಳಿ ವೈರು, ಕಾರಿನ ಒಂದು ಫ್ಯೂಸನ್ನು ಕಿತ್ತು ಅದೇ ಜಾಗದಲ್ಲಿ ಕೂರಿಸಿ ಎರಡು ಫ್ಯೂಸ್ ಹಾಕಬಹುದಾದ ಹೋಲ್ಡರು, 2 ಆಂಪಿಯರ್ ಫ್ಯೂಸು, ಉಂಗುರದ ಲಗ್ಗು (ವೈರಿನ ತುದಿಗೆ ಒತ್ತುವ ಲೋಹದ ತುಂಡು). ಸಿಕ್ಕಿಕೊಂಡಿರುವುದು ಇಲ್ಲಿ:

1. ಪೆಟ್ಟಿಗೆಯ ಮೇಲಿನ ಹೆಸರು. ಒಬ್ಬರು "ಹೆಚ್ಚುವರಿ ಆಂತರಿಕ ದೀಪ" ಎಂದು ಬರೆದುಕೊಟ್ಟಿದ್ದಾರೆ. "ಒಳದೀಪ" ಸಾಕಲ್ಲವೇ?
2. ಕಪ್ಪು ವೈರನ್ನು ಕಾರಿನ ಲೋಹಕ್ಕೆ ಬಿಗಿಯುವುದಕ್ಕೆ "ಭೂಸಂಪರ್ಕ" ಸರಿಯೇ?
3. ಯಾವಾಗಲೂ ಕರೆಂಟಿರುವ ಲೈನು, ಕೀ ತಿರುಗಿಸಿದರೆ ಮಾತ್ರ ಕರೆಂಟು ಬರುವ ಲೈನು. ಎರಡಕ್ಕೂ ಚಿಕ್ಕ ಹೆಸರು ಬೇಕು.
4. ಎರಡು ಫ್ಯೂಸಿನ ಆ ಹೋಲ್ಡರಿಗೆ ಏನನ್ನೋಣ?
5. ಸ್ವಿಚ್ಚಿನ ಸ್ಟಿಕ್ಕರು: ಉರಿಯುತ್ತಲೇ ಇರು, ಬಾಗಿಲು ತೆರೆದಾಗ ಉರಿ, ಆರಿರು. ಪ್ರತಿಯೊಂದಕ್ಕೂ ಸಿಗುವ ಅಗಲ 8 ಮಿಲಿಮೀಟರ್.

ದಯವಿಟ್ಟು ಪದ ಕೊಡಿ, ಪ್ರಬಂಧ ಬೇಡ.

— ಮರು 1 —

"ಒಳದೀಪ" ಅರಿಸಮಾಸ. ಒಳ ಕನ್ನಡ, ದೀಪ ಸಂಸ್ಕೃತ. 13ನೇ ಶತಮಾನದಲ್ಲೇ ವ್ಯಾಕರಣಕಾರ ಕೇಶಿರಾಜ ಬೇಡವೆಂದದ್ದನ್ನು ಈಗ ಪೆಟ್ಟಿಗೆಯ ಮೇಲೆ ಅಚ್ಚು ಹಾಕಿಸುವ ಅಗತ್ಯವಿಲ್ಲ. "ಅಂತರ್ದೀಪ" ಎನ್ನಿ, ನಿರ್ದುಷ್ಟ. ಉಳಿದ ನಾಲ್ಕೂ ಗ್ಯಾರೇಜಿನ ಮಾತು, ಇಲ್ಲಿ ಚರ್ಚಿಸುವಂಥದಲ್ಲ.

— ಮರು 2 —

"ಅಂತರ್ದೀಪ" ಎಂದು ಕಂಡರೆ ಒಳಗೆ ಧ್ಯಾನದ ಪುಸ್ತಕವಿದೆ ಎಂದುಕೊಳ್ಳುತ್ತಾರೆ. ಅದೇ ಕೇಶಿರಾಜ ಬಿರುದಾವಳಿಗೂ ಪೂರ್ವಕವಿಗಳ ಪ್ರಯೋಗಕ್ಕೂ ವಿನಾಯಿತಿ ಕೊಟ್ಟಿದ್ದಾನೆ. "ಮಳೆಗಾಲ" ಬಿಟ್ಟು ಬೇರೆ ಏನಾದರೂ ಅನ್ನುತ್ತೀರಾ? ಒಳದೀಪ ಇರಲಿ.

ಈಗ ಗ್ಯಾರೇಜಿನ ಮಾತು. "ಭೂಸಂಪರ್ಕ" ಇಲ್ಲಿ ಬರಿಯ ತಪ್ಪಲ್ಲ, ದಾರಿ ತಪ್ಪಿಸುವ ತಪ್ಪು. ಕಾರು ನಿಂತಿರುವುದು ರಬ್ಬರಿನ ಮೇಲೆ, ಭೂಮಿಗೂ ಅದರ ವೈರಿಂಗಿಗೂ ಸಂಬಂಧವಿಲ್ಲ. ಬ್ಯಾಟರಿಯ ಮೈನಸ್ಸು ಬಾಡಿಗೆ ಸೇರಿದೆ, ಕರೆಂಟು ಹಿಂತಿರುಗುವ ದಾರಿ ಆ ಬಾಡಿಯೇ. ಕೈಯಲ್ಲಿ ಸ್ಪ್ಯಾನರ್ ಹಿಡಿದವರು "ಬಾಡಿ ಅರ್ತ್" ಅನ್ನುತ್ತಾರೆ. ಹಾಗೇ ಬರೆಯಿರಿ, ಕೆಳಗೆ ಒಂದು ಸಾಲು ಸೇರಿಸಿ: ಬೋಲ್ಟಿನ ಕೆಳಗಿನ ಬಣ್ಣ ಕೆರೆದು ಬರಿ ಲೋಹಕ್ಕೆ ಲಗ್ಗು ಬಿಗಿಯಿರಿ. ಪ್ಲಾಸ್ಟಿಕ್ಕನ್ನು ಕಚ್ಚಿರುವ ಸ್ಕ್ರೂಗೆ ಬಿಗಿದರೆ ಲೈಟೇ ಹತ್ತುವುದಿಲ್ಲ. ಬಣ್ಣದ ಮೇಲೆ ಬಿಗಿದರೆ ಇವತ್ತು ಹತ್ತುತ್ತದೆ, ಆಮೇಲೆ ಗುಂಡಿ ಬಿದ್ದ ರಸ್ತೆಯಲ್ಲಿ ಮಿಣುಕುತ್ತದೆ. ಸೀಟ್‌ಬೆಲ್ಟಿನ ಬೋಲ್ಟು, ಏರ್‌ಬ್ಯಾಗಿನ ಬೋಲ್ಟು ಎರಡನ್ನೂ ಮುಟ್ಟಬಾರದು. ಬಿಗಿದಾದ ಮೇಲೆ, ಬ್ಯಾಟರಿ ಬಿಚ್ಚಿರುವಾಗಲೇ, ಲಗ್ಗಿಗೂ ಮೈನಸ್ ಕೇಬಲ್ಲಿನ ತುದಿಗೂ ನಡುವೆ ಮೀಟರ್ ಹಿಡಿದರೆ ಓಮ್ ಸೊನ್ನೆಯ ಹತ್ತಿರ ತೋರಿಸಬೇಕು.

— ಮರು 3 —

ಅರಿಸಮಾಸದ ಜಗಳವೇ ಬೇಡ. ದೀಪವನ್ನು ಬಿಡಿ. ಹಳಗನ್ನಡದಲ್ಲಿ ಸೊಡರ್, ತುಳುವಿನಲ್ಲಿ ತುಡರ್, ತಮಿಳಿನಲ್ಲಿ ಸುಡರ್. "ಸುಡು" ಬೇರಿನ ನಮ್ಮದೇ ಪದ. "ಒಳಸೊಡರು" ಎನ್ನಿ. ಇಂಥ ಪದವನ್ನು ಮೂಲೆಗೆ ಹಾಕಿ ಲೈಟು, ಲ್ಯಾಂಪು ಎನ್ನುವವರಿಗೆ ಏನು ಹೇಳೋಣ.

— ಮರು 4 —

ವೈರಿಂಗ್ ಪೆಟ್ಟಿಗೆಯ ಮೇಲೆ "ಸುಡು" ಬೇರಿನ ಪದವೇ? ಕೊಳ್ಳುವವರು ಅಲ್ಲೇ ಇಟ್ಟು ಹೋಗುತ್ತಾರೆ.

3ನೆಯದಕ್ಕೆ: ಮೆಕ್ಯಾನಿಕ್ಕುಗಳು ಯಾವಾಗಲೂ ಕರೆಂಟಿರುವುದಕ್ಕೆ "ಡೈರೆಕ್ಟ್" ಅನ್ನುತ್ತಾರೆ. ಬಾಯಲ್ಲಿ ಚೆನ್ನ, ಹಾಳೆಯ ಮೇಲೆ ಬೇಡ. ಶಾಲೆಯಲ್ಲಿ ವಿಜ್ಞಾನ ಓದಿದವನು ಅದನ್ನು "ನೇರ ವಿದ್ಯುತ್" ಎಂದು ಹಿಡಿಯುತ್ತಾನೆ, ಆ ಲೆಕ್ಕದಲ್ಲಿ ಕಾರಿನ ಪ್ರತಿ ವೈರೂ ನೇರ ವಿದ್ಯುತ್ತೇ. "ಸದಾ ಲೈನ್", "ಕೀ ಲೈನ್" ಸಾಕು. ಚಿತ್ರದಲ್ಲಿ ಜರ್ಮನಿಯ ಡಿನ್ 72552 ಮಾನಕದ ಸಂಖ್ಯೆಗಳನ್ನೂ ಹಾಕಿಬಿಡಿ: ಸದಾ ಲೈನಿಗೆ 30, ಕೀ ಲೈನಿಗೆ 15, ಬಾಡಿ ಅರ್ತಿಗೆ 31. ಬಲ್ಲವರಿಗೆ ಅದೇ ಸಾಕು.

ಆದರೆ ಪದಕ್ಕಿಂತ ಮೊದಲು ಒಂದು ಮಾತು. ನಿಮ್ಮ ಹಾಳೆ ಕೆಂಪು ವೈರನ್ನು ಯಾವ ಲೈನಿಗೆ ಕೊಡಲು ಹೇಳುತ್ತಿದೆ? ಬಾಗಿಲು ತೆರೆದಾಗ ಉರಿಯಬೇಕಾದರೆ ಸದಾ ಲೈನೇ ಆಗಬೇಕು. ಕಾರು ಹತ್ತುವ ಹೊತ್ತಿಗೆ ಕೀ ಇನ್ನೂ ಜೇಬಿನಲ್ಲೇ ಇರುತ್ತದೆ.

— ಮರು 5 (ಪ್ರಶ್ನೆ ಕೇಳಿದವರಿಂದ) —

ಮೂಲದಲ್ಲಿ ಎರಡನ್ನೂ ಕೊಟ್ಟು "ಯಾವುದಾದರೂ ಸರಿ" ಎಂದಿದ್ದಾರೆ. ಹಾಗಾದರೆ ಅದನ್ನು ತಿದ್ದಿಸುತ್ತೇನೆ. 4 ಮತ್ತು 5 ಇನ್ನೂ ಬಾಕಿ. ಸೊಡರಿಗೆ ವಂದನೆ, ಬಳಸುವುದಿಲ್ಲ.

— ಮರು 6 —

ತಿದ್ದಿಸುವಾಗ ಇದನ್ನೂ ಸೇರಿಸಿ: ಸದಾ ಲೈನಿನಲ್ಲಿ ಮರೆತು ಬಿಟ್ಟರೆ ಬ್ಯಾಟರಿ ಇಳಿಯುತ್ತದೆ. ಮೀಟರ್ ಉದ್ದಕ್ಕೆ 14.4 ವಾಟಿನ ಪಟ್ಟಿಯಾದರೆ 30 ಸೆಂಟಿಮೀಟರಿಗೆ ಸುಮಾರು 4.3 ವಾಟ್, ಅಂದರೆ 0.36 ಆಂಪಿಯರ್. ದಿನಕ್ಕೆ 8.6 ಆಂಪಿಯರ್-ಗಂಟೆ. 45ರ ಬ್ಯಾಟರಿಯಲ್ಲಿ ಮೂರು ದಿನಕ್ಕೆ ಅರ್ಧಕ್ಕಿಂತ ಹೆಚ್ಚು ಖಾಲಿ. 2 ಆಂಪಿಯರ್ ಫ್ಯೂಸ್ ಧಾರಾಳವಾಯಿತು, ವೈರು 0.5 ಚದರ ಮಿಲಿಮೀಟರ್ ಇದ್ದರೆ ಸಾಕು. ಫ್ಯೂಸ್ ಇರುವುದು ವೈರನ್ನು ಕಾಯಲು, ಎಲ್ಇಡಿಯನ್ನಲ್ಲ. ಆದ್ದರಿಂದ ಅದು ಕರೆಂಟು ಹೊರಡುವ ತುದಿಯಲ್ಲಿರಬೇಕು. 2 ಆಂಪಿಯರಿನದು ಬೂದು ಬಣ್ಣ. ಬೂದು ಸಿಗಲಿಲ್ಲವೆಂದು 15ರ ನೀಲಿ ಹಾಕಿದರೆ, ವೈರು ಎಲ್ಲಾದರೂ ತಗಡಿಗೆ ಉಜ್ಜಿ ಶಾರ್ಟ್ ಆದಾಗ ಫ್ಯೂಸ್ ಹೋಗುವ ಮೊದಲು ವೈರೇ ಬಿಸಿಯೇರುತ್ತದೆ.

ಹೋಲ್ಡರಿಗೆ "ಕವಲು ಹೋಲ್ಡರ್" ಎನ್ನಿ. ಇದು ಅಂದಕ್ಕೆ ಹೇಳಿದ್ದಲ್ಲ. ಕರೆಂಟು ಮೂಲ ಫ್ಯೂಸನ್ನು ಮುಟ್ಟುವ ಮೊದಲೇ ಕವಲೊಡೆಯಬೇಕು, ಆಗ ಮಾತ್ರ ಹೊಸ ಲೈಟಿನ ಭಾರ ಹಳೆಯ ಫ್ಯೂಸಿನ ಮೇಲೆ ಬೀಳುವುದಿಲ್ಲ. ಮೂಲ ಫ್ಯೂಸ್ ಕಿತ್ತು, ಟೆಸ್ಟ್ ಲ್ಯಾಂಪಿನ ಕ್ಲಿಪ್ಪನ್ನು ಬಾಡಿಗೆ ಕಚ್ಚಿಸಿ, ಖಾಲಿಯಾದ ಎರಡೂ ಸೀಳಿಗೆ ಮೊನೆ ತಾಗಿಸಿ ನೋಡಿ. ಯಾವುದರಲ್ಲಿ ಉರಿಯುತ್ತದೋ ಅದು ಕರೆಂಟು ಬರುವ ಕಡೆ. ಹೋಲ್ಡರಿನಲ್ಲಿ ಎರಡೂ ಫ್ಯೂಸಿಗೆ ಸೇರಿದ ಕಾಲು ಆ ಸೀಳಿಗೆ ಹೋಗಬೇಕು. ತಿರುಗಿಸಿ ಕೂರಿಸಿದರೂ ಲೈಟು ಹತ್ತುತ್ತದೆ, ಹಾಗಾಗಿಯೇ ಈ ತಪ್ಪು ಕಣ್ಣಿಗೆ ಬೀಳುವುದಿಲ್ಲ. ಮುಂದೊಂದು ದಿನ ಹಳೆಯ ಫ್ಯೂಸ್ ಹೋದರೆ ಎರಡೂ ಕತ್ತಲು.

ಇನ್ನೊಂದು: ಏರ್‌ಬ್ಯಾಗ್, ಎಬಿಎಸ್, ಎಂಜಿನ್ ಫ್ಯೂಸುಗಳ ಜಾಗದಲ್ಲಿ ಇದನ್ನು ಕೂರಿಸಬೇಡಿ ಎಂದು ದಪ್ಪಕ್ಷರದಲ್ಲಿರಲಿ. ಚಾವಣಿ ದೀಪದ ಫ್ಯೂಸೇ ಒಳ್ಳೆಯದು.

— ಮರು 7 —

"ಕವಲು" ಒಪ್ಪಿದೆ. "ಹೋಲ್ಡರ್" ಏಕೆ? "ಕವಲುಹಿಡಿಕೆ". "ಕೀ ಲೈನ್" ಏಕೆ? "ಚಾವಿ ಸಾಲು". ಕನ್ನಡದ ಹಾಳೆಯಲ್ಲಿ ಕನ್ನಡ ಹುಡುಕಿಕೊಳ್ಳಬೇಕಾಗಿದೆ.

5ನೆಯದಕ್ಕೆ "ಬಾಗಿಲು" ಬೇಡ. ಬಾಗಿಲು ಎಂದರೆ ಬಾಯ್ + ಇಲ್, ಮನೆಯ ಬಾಯಿ. ಕಾರಿನಲ್ಲಿ ಇಲ್ ಎಲ್ಲಿದೆ? ತೆರೆದು ಮುಚ್ಚುವ ಹಲಗೆಗೆ ಕನ್ನಡದಲ್ಲಿ ಕದ. ಹಾಗೆಯೇ ಮುಂದಿನ ಗಾಜಿನ ಪಕ್ಕದಲ್ಲಿ ವೈರು ಏರಿಸುವ ಕಂಬಕ್ಕೆ "ಮುಂಗಂಬ" ಎನ್ನಬಹುದು.

— ಮರು 8 —

ಚಾವಿ ಪೋರ್ಚುಗೀಸರದು ಸ್ವಾಮಿ. ನರಕಕ್ಕೂ ಬಾಗಿಲಿದೆ ಅನ್ನುತ್ತೇವೆ, ಅಲ್ಲಿ ಯಾರ ಮನೆ? ಆದರೆ "ಕದ" ಎರಡೇ ಅಕ್ಷರ, 8 ಮಿಲಿಮೀಟರಿನಲ್ಲಿ ದಪ್ಪಗೆ ಕೂರುತ್ತದೆ. ವ್ಯುತ್ಪತ್ತಿಗಾಗಿ ಅಲ್ಲ, ಅಗಲಕ್ಕಾಗಿ ಒಪ್ಪೋಣ. ಉಳಿದ ಎರಡಕ್ಕೆ "ಆನ್", "ಆಫ್" ಹಾಕಬೇಡಿ. ಕತ್ತಲಲ್ಲಿ, ಅಷ್ಟು ಚಿಕ್ಕ ಅಕ್ಷರದಲ್ಲಿ ಎರಡೂ ಒಂದೇ ಆ ಆಗಿ ಕಾಣುತ್ತವೆ. "ಹತ್ತು" ಎಂದರೆ ಹತ್ತು ವೋಲ್ಟೋ ಹತ್ತು ಆಂಪಿಯರೋ ಎಂಬ ಅನುಮಾನ. ಸ್ವಿಚ್ಚುಗಳ ಮೇಲೆ ಇರುವಂತೆ ಒಂದು ನೆಟ್ಟನೆ ಗೆರೆ, ಒಂದು ಸೊನ್ನೆ. ನಡುವೆ ಕದ.

"ಮುಂಗಂಬ" ಮಾತ್ರ ನಿಜಕ್ಕೂ ಬೇಕಾಗಿದ್ದ ಪದ. ಅದರ ಪಕ್ಕದಲ್ಲಿ ಇದನ್ನು ಹಾಕಿ: ಹಲವು ಕಾರುಗಳ ಮುಂಗಂಬದೊಳಗೆ, ಚಾವಣಿಯ ಅಂಚಿನುದ್ದಕ್ಕೂ ಏರ್‌ಬ್ಯಾಗ್ ಮಡಿಸಿಟ್ಟಿರುತ್ತದೆ. ವೈರು ಅದರ ಹಿಂದಿನಿಂದ, ಮೊದಲೇ ಇರುವ ವೈರುಗಳ ಕಟ್ಟಿನ ಜೊತೆ ಹೋಗಬೇಕು. ಏರ್‌ಬ್ಯಾಗಿನ ಮುಂದೆ ಹಾಯಿಸಬಾರದು, ಅದಕ್ಕೆ ಕಟ್ಟಬಾರದು. ಏರ್‌ಬ್ಯಾಗಿನ ಹಳದಿ ಕನೆಕ್ಟರುಗಳಿಗೆ ಟೆಸ್ಟ್ ಲ್ಯಾಂಪ್ ತಾಗಿಸಲೇಬಾರದು. ಕಂಬದ ಮುಚ್ಚಳ ಬಿಚ್ಚುವ ಮೊದಲು ಬ್ಯಾಟರಿಯ ಮೈನಸ್ ಕಳಚಿ, ಕಾರಿನ ಕೈಪಿಡಿ ಹೇಳಿದಷ್ಟು ನಿಮಿಷ ಕಾಯಬೇಕು.

— ಮರು 9 —

ಅಗಲಕ್ಕಾಗಿ ಕನ್ನಡ! ಇದೇ ಇಂದಿನ ಸ್ಥಿತಿ. ಫ್ಯೂಸು, ಸ್ವಿಚ್ಚು, ವೈರು ಎಂದು ಕೊನೆಗೊಂದು ಉಕಾರ ಹಚ್ಚಿದರೆ ಕನ್ನಡವಾಯಿತೇ? ತಂತಿ ಎಂಬ ಅಚ್ಚಗನ್ನಡ ಪದ ಇರುವಾಗ ವೈರು ಏಕೆ ಬೇಕು?

— ಮರು 10 —

ತಂತಿ ಸಂಸ್ಕೃತದ ತಂತ್ರೀ. ಮುಂದೆ.

— ಮರು 11 —

ಅದಿರಲಿ, "ತಂತಿ" ಎಂದರೆ ಬೇಲಿಗೆ ಕಟ್ಟುವ ಬರಿ ಲೋಹ, ವೀಣೆಯ ತಂತಿ. ಮೇಲೆ ಪ್ಲಾಸ್ಟಿಕ್ ಹೊದಿಕೆ ಇದ್ದರೆ ಜನ ವೈರು ಅನ್ನುತ್ತಾರೆ. "ತಂತಿಯ ಹೊದಿಕೆ ಸುಲಿಯಿರಿ" ಎನ್ನುವುದಕ್ಕಿಂತ "ವೈರಿನ ತುದಿ ಸುಲಿಯಿರಿ" ಸಾಕು. ವೈರಿನ, ವೈರಿಗೆ, ವೈರನ್ನು: ಎಲ್ಲ ವಿಭಕ್ತಿಯೂ ಸಲೀಸಾಗಿ ಹತ್ತುತ್ತವೆ. ಕನ್ನಡವಾಗಲು ಇನ್ನೇನು ಬೇಕು?

ಯಾರೂ ಕೇಳದ ಒಂದು ಪದ: ನಿಮ್ಮ ಕರಡಿನಲ್ಲಿ "ವೈರುಗಳನ್ನು ಬೆಸೆಯಿರಿ" ಎಂದಿದ್ದರೆ ತೆಗೆಯಿರಿ. ಬೆಸೆ, ಬೆಸುಗೆ ಎಂದರೆ ಸೋಲ್ಡರ್ ಎಂದೇ ಓದುತ್ತಾರೆ. ಸೋಲ್ಡರ್ ವೈರಿನ ಎಳೆಗಳೊಳಗೆ ಹೊದಿಕೆಯಡಿಗೂ ಇಳಿದು ಅಷ್ಟುದ್ದ ಕಡ್ಡಿಯಾಗಿಸುತ್ತದೆ, ಕಾರಿನ ಅದುರಾಟಕ್ಕೆ ಆ ಕಡ್ಡಿ ಮುಗಿಯುವಲ್ಲೇ ವೈರು ತುಂಡಾಗುತ್ತದೆ. ಇಲ್ಲಿ ಬೇಕಾದದ್ದು ಕೊಳವೆಯಂಥ ಲಗ್ಗಿನೊಳಗೆ ಎರಡೂ ತುದಿ ಇಟ್ಟು ಕ್ರಿಂಪಿಂಗ್ ಇಕ್ಕಳದಿಂದ ಒತ್ತುವುದು, ಮೇಲೆ ಬಿಸಿಗೆ ಕುಗ್ಗುವ ಕೊಳವೆ. "ಲಗ್ಗು ಒತ್ತಿ" ಎನ್ನಿ. ವೈರಿನ ಮೇಲೆ ಕಚ್ಚಿಸಿ ಮುಚ್ಚುವ ಅಗ್ಗದ ಕ್ಲಿಪ್ಪು ಎಳೆಗಳನ್ನೇ ಕತ್ತರಿಸುವುದುಂಟು.

ಬಿಳಿ ವೈರಿನ ಬಗ್ಗೆಯೂ ಒಂದು ಸಾಲು ಬೇಕು. ಬಹಳಷ್ಟು ಕಾರುಗಳಲ್ಲಿ ಬಾಗಿಲಿನ ಸ್ವಿಚ್ಚು ಇರುವುದು ಮೈನಸ್ ಕಡೆ: ಚಾವಣಿ ದೀಪಕ್ಕೆ ಸದಾ ಕರೆಂಟಿರುತ್ತದೆ, ಬಾಗಿಲು ತೆರೆದಾಗ ಅದಕ್ಕೆ ಬಾಡಿ ಅರ್ತ್ ಸಿಗುತ್ತದೆ. ಬಿಳಿ ವೈರು ಸೇರಬೇಕಾದ್ದು ಆ ಅರ್ತ್ ಬಂದುಹೋಗುವ ವೈರಿಗೆ. ಅದನ್ನು ಬಾಡಿಗೆ ಬಿಗಿದರೆ "ಕದ"ದಲ್ಲಿಟ್ಟರೂ ಲೈಟು ಆರುವುದೇ ಇಲ್ಲ. ಹೊಸ ಕಾರುಗಳಲ್ಲಿ ಇದನ್ನು ಬಾಡಿ ಕಂಟ್ರೋಲ್ ಮಾಡ್ಯೂಲ್ ಎಂಬ ಎಲೆಕ್ಟ್ರಾನಿಕ್ ಪೆಟ್ಟಿಗೆ ನಡೆಸುತ್ತದೆ. ದೀಪ ನಿಧಾನ ಮಂದವಾಗುವಂತೆ ಕರೆಂಟನ್ನು ಬಿಟ್ಟುಬಿಟ್ಟು ಕೊಡುವುದರಿಂದ ಎಲ್ಇಡಿ ಆ ಕ್ಷಣ ಮಿನುಗಿದರೆ ದೋಷವಲ್ಲ ಎಂದು ಬರೆಯಿರಿ, ಇಲ್ಲದಿದ್ದರೆ ಪೆಟ್ಟಿಗೆಗಳು ವಾಪಸು ಬರುತ್ತವೆ.

— ಮರು 12 (ಪ್ರಶ್ನೆ ಕೇಳಿದವರಿಂದ) —

ಉಪಕಾರವಾಯಿತು. ಹೆಸರು: "ಕಾರಿಗೆ ಇನ್ನೊಂದು ಒಳದೀಪ". ಸ್ಟಿಕ್ಕರು: ಗೆರೆ, ಕದ, ಸೊನ್ನೆ. ಕೊನೆಯ ಸಾಲುಗಳು ಹೀಗಿವೆ:

"ಪಟ್ಟಿ ಅಂಟಿಸುವ ಜಾಗವನ್ನು ಸ್ಪಿರಿಟ್ಟಿನಿಂದ ಒರೆಸಿ ಒಣಗಿಸಿ. ಉದ್ದ ಹೆಚ್ಚಾದರೆ ಗುರುತಿನ ಗೆರೆಯಲ್ಲಿ ಮಾತ್ರ, ಮೂರು ಎಲ್ಇಡಿಗೊಮ್ಮೆ, ಕತ್ತರಿಸಿ. ಹತ್ತದಿದ್ದರೆ ಪ್ಲಸ್ಸು ಮೈನಸ್ಸು ಅದಲುಬದಲಾಗಿದೆಯೇ ನೋಡಿ. ಎಂಜಿನ್ ಓಡುವಾಗ 14 ವೋಲ್ಟ್ ದಾಟುವುದರಿಂದ ಪಟ್ಟಿ ಹೆಚ್ಚು ಬಿಸಿಯಾಗುತ್ತದೆ, ಚಾವಣಿಯ ಬಟ್ಟೆಯ ಮೇಲೆ ಅಂಟಿಸಬೇಡಿ. ಎಲ್ಲ ಸರಿಯಿದ್ದರೆ ದೀಪ ಆರಿಸಿ, ಬ್ಯಾಟರಿಯ ಮೈನಸ್ ಕಳಚಿ, ಮುಚ್ಚಳಗಳನ್ನು ಕೂರಿಸಿ."

ಬೇರೇನಾದರೂ?

— ಮರು 13 —

ಬಿಳಿ, ಹಳದಿ ಎರಡು ಪಟ್ಟಿ ಇರುವ ಪೆಟ್ಟಿಗೆಯಲ್ಲಿ "ದೀಪ ಆರಿಸಿ" ಎಂದರೆ ಯಾವುದಾದರೊಂದನ್ನು ಆಯ್ದುಕೊಳ್ಳಿ ಎಂದೇ ಓದುತ್ತಾರೆ. "ಸ್ವಿಚ್ಚನ್ನು ಸೊನ್ನೆಗೆ ತನ್ನಿ" ಮಾಡಿ ಕಳಿಸಿ.