ಆಪರೇಷನ್ ಆಗಿ ಆರು ವಾರ, ಕೈ ಇನ್ನೂ ಮೇಲೆ ಏಳುತ್ತಿಲ್ಲ

ಪ್ರಶ್ನೆ: ಸ್ತನ ಕ್ಯಾನ್ಸರ್‌ಗೆ ಎಡ ಸ್ತನದ ಜೊತೆ ಕಂಕುಳಿನ ಲಿಂಫ್ ನೋಡ್‌ಗಳನ್ನೂ (ಸಣ್ಣ ಗ್ರಂಥಿಗಳು) ತೆಗೆದಿದ್ದಾರೆ. ಕೈ ಭುಜದ ಮಟ್ಟಕ್ಕೆ ಬಂದು ನಿಲ್ಲುತ್ತದೆ. ಕಂಕುಳಿಂದ ಮೊಣಕೈವರೆಗೆ ಒಳಗೆ ದಾರ ಎಳೆದ ಹಾಗೆ ಬಿಗಿ. ರೇಡಿಯೇಷನ್ ಬೇರೆ ಶುರುವಾಗಬೇಕು, ಅದಕ್ಕೆ ಕೈ ತಲೆ ಮೇಲಿಟ್ಟು ಮಲಗಬೇಕಂತೆ. ನೀವೆಲ್ಲ ಏನು ಮಾಡಿದಿರಿ?

ಉತ್ತರ 1: ಆ ದಾರಕ್ಕೆ ಕಾರ್ಡಿಂಗ್ ಅಂತಾರೆ, ನನಗೂ ಇತ್ತು. ಹೆದರಬೇಡಿ, ಆದರೆ ರೇಡಿಯೇಷನ್‌ಗೆ ಮೊದಲೇ ಫಿಸಿಯೋಥೆರಪಿಸ್ಟ್‌ಗೆ ತೋರಿಸಿ. ನಾನು ಗೋಡೆ ಎದುರು ನಿಂತು ಬೆರಳುಗಳನ್ನು ಇರುವೆ ಹಾಗೆ ಮೇಲಕ್ಕೆ ಹತ್ತಿಸುತ್ತಿದ್ದೆ, ಮುಟ್ಟಿದಲ್ಲಿ ಪೆನ್ಸಿಲ್ ಗುರುತು. (ಗೋಡೆ ಹಾಳಾಯ್ತು, ಇರಲಿ.) ಎಳೆದಂತಾದರೆ ಸರಿ, ಜಾಸ್ತಿ ನೋವಾದರೆ ನಿಲ್ಲಿಸಿ.

ಉತ್ತರ 2: ರೇಡಿಯೇಷನ್ ಮುಗಿದ ಮೇಲೂ ವ್ಯಾಯಾಮ ಬಿಡಬೇಡಿ. ನಾನು ಸುಮ್ನೆ ಬಿಟ್ಟೆ, ಕೆಲವು ತಿಂಗಳಲ್ಲಿ ಮತ್ತೆ ಬಿಗಿಯಾಯಿತು.

ಉತ್ತರ 3: ಕೈ ಊದಿ ಭಾರ ಅನ್ನಿಸಿದರೆ ಡಾಕ್ಟರ್‌ಗೆ ಹೇಳಿ. ಕೆಂಪಾಗಿ ಜ್ವರವೂ ಬಂದರೆ ಅವತ್ತೇ ಹೋಗಿ.